ಸಕಲೇಶಪುರಕ್ಕೆ ಬರುವವರಿಗೆ



ಜೂನ್ ಬಂತು ಅಂದ್ರೆ ನನ್ನ ಮೆಸೆಂಜರ್‌ಗೆ ಬರೋ ಪ್ರಶ್ನೆ ಒಂದೇ. "ಅಣ್ಣಾ, ವೀಕೆಂಡ್ ಸಕಲೇಶಪುರಕ್ಕೆ ಬರ್ತಿದೀವಿ. ಏನೇನು ನೋಡಬಹುದು? ಒಳ್ಳೆ ಹೋಮ್‌ಸ್ಟೇ ಇದ್ರೆ ಹೇಳಿ." ಕೇಳೋರು ಬೇರೆ ಯಾರೂ ಅಲ್ಲ, ನಮ್ಮವರೇ. ಬೆಂಗಳೂರಲ್ಲಿ ಕೆಲಸಕ್ಕಿರೋ ಹುಡುಗರು, ಹಾಸ್ಟೆಲ್ ಕಾಲದ ಗೆಳೆಯರು, ಸಂಘಟನೆಯ ಸಂಗಾತಿಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಒಂದೇ ಸಲ ಇಲ್ಲಿ ಬರೀತೀನಿ. ಉದ್ದ ಇದೆ, ಸೇವ್ ಮಾಡಿಟ್ಟುಕೊಂಡು ನಿಧಾನಕ್ಕೆ ಓದಿ.

ನಾನು ಹುಟ್ಟಿದ್ದು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ. ಅವ್ವನ ತವರು ಆಲೂರು ತಾಲ್ಲೂಕು. ಹಾಗಾಗಿ ಈ ಎರಡೂ ಕಡೆಯ ದಾರಿ, ಮಳೆ, ಆನೆ, ಸಾಹುಕಾರರು ಎಲ್ಲಾ ಗೊತ್ತು. ಯೂಟ್ಯೂಬ್‌ನಲ್ಲಿ ಸಿಗೋದನ್ನೂ ಹೇಳ್ತೀನಿ, ಅಲ್ಲಿ ಸಿಗದೇ ಇರೋದನ್ನೂ ಹೇಳ್ತೀನಿ.

ಮೊದಲು ದಾರಿ. ಬೆಂಗಳೂರಿಂದ ಸುಮಾರು 220 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 75. ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿದ ಮೇಲೆ ಆಲೂರು ತಾಲ್ಲೂಕು, ಆಮೇಲೆ ಬಾಳ್ಳುಪೇಟೆ, ಆಮೇಲೆ ಹೇಮಾವತಿ ಹೊಳೆಯ ದಂಡೆ ಮೇಲೆ ಸಕಲೇಶಪುರ. ಬಹಳ ಜನ ಆಲೂರನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಕಾರಿನ ಗಾಜು ಕೂಡ ಇಳಿಸದೆ ದಾಟಿಬಿಡ್ತಾರೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗೋದು ಅಲ್ಲೇ. ಭತ್ತದ ಗದ್ದೆ, ಶುಂಠಿ ಹೊಲ, ಪಾಳ್ಯ–ಮಗ್ಗೆ ಕಡೆಗೆ ಹೋದಂತೆ ಕಾಫಿ ತೋಟ. ಮಲೆನಾಡು ಅಂದ್ರೆ ಬರೀ ಮಂಜು ಅಲ್ಲ ಅನ್ನೋದನ್ನ ನೋಡಬೇಕಿದ್ರೆ ಹೆದ್ದಾರಿ ಬಿಟ್ಟು ಆ ಒಳದಾರಿಗಳಲ್ಲಿ ಒಂದು ಸುತ್ತು ಬನ್ನಿ.

ಕಾರಿಲ್ಲದೋರಿಗೆ ಸರ್ಕಾರಿ ಬಸ್ ಧಾರಾಳ ಇದೆ. ನನ್ನ ಕೇಳಿದ್ರೆ ರೈಲೇ ಒಳ್ಳೇದು. ಹಗಲು ಹೊತ್ತಿನ ಕಾರವಾರ ರೈಲು ಹಿಡಿದು ಸುಬ್ರಹ್ಮಣ್ಯ ರೋಡ್‌ವರೆಗೆ ಒಮ್ಮೆ ಹೋಗಿ ಬನ್ನಿ. ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ ಶುರುವಾಗಿದ್ದು 1979ರಲ್ಲಿ. 1996ರಲ್ಲಿ ನಿಲ್ಲಿಸಿ ಬ್ರಾಡ್ ಗೇಜ್ ಮಾಡಿ, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಸಕಲೇಶಪುರದಿಂದ ಕೆಳಗೆ ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಆದ್ರೆ ಹಳಿ ಮೇಲೆ ಟ್ರೆಕ್ಕಿಂಗ್ ಬೇಡ. ಎಡಕುಮೇರಿ ಕಡೆ ಹಳಿ ಹಿಡಿದು ನಡೆಯೋದು ಒಂದು ಕಾಲದಲ್ಲಿ ಫ್ಯಾಶನ್ ಆಗಿತ್ತು. ಈಗ ನಿಷೇಧ ಇದೆ, ಕೇಸ್ ಹಾಕ್ತಾರೆ. ಕೇಸ್ ಬಿಡಿ, ಸುರಂಗದೊಳಗೆ ರೈಲು ಬಂದ್ರೆ ನಿಲ್ಲೋಕೆ ಜಾಗ ಇರಲ್ಲ.

ಯಾವಾಗ ಬರೋದು? ಮಳೆ ನೋಡಬೇಕಿದ್ರೆ ಜೂನ್‌ನಿಂದ ಸೆಪ್ಟೆಂಬರ್. ಹಸಿರು, ಜಲಪಾತ, ಜಿಗಣೆ ಮೂರೂ ಒಟ್ಟಿಗೆ. ಜೋರು ಮಳೆಯಲ್ಲಿ ದೋಣಿಗಾಲ್–ಮಾರನಹಳ್ಳಿ ನಡುವೆ ಹೆದ್ದಾರಿ ಕುಸಿಯೋದು ಪ್ರತಿ ವರ್ಷದ ಕಥೆ ಆಗಿದೆ. ಶಿರಾಡಿ ಘಾಟ್ ಬಂದ್ ಆಗಿದ್ಯಾ ಅಂತ ವಿಚಾರಿಸಿಕೊಂಡೇ ಹೊರಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ, ಮಲ್ಲಿಗೆ ಥರ ಘಮ್ ಅನ್ನುತ್ತೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಹೂ ಕಂದಿಹೋಗುತ್ತೆ. ಆ ಮೂರು ದಿನಕ್ಕೆ ಸರಿಯಾಗಿ ಬಂದ್ರೆ ನಿಮ್ಮ ಅದೃಷ್ಟ.

ಈಗ ನೋಡೋ ಜಾಗಗಳು.

ಮಂಜರಾಬಾದ್ ಕೋಟೆ. ಊರಿಂದ ಮಂಗಳೂರು ದಾರೀಲಿ ಐದಾರು ಕಿ.ಮೀ., ದೋಣಿಗಾಲ್ ಹತ್ರ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಫ್ರೆಂಚ್ ಮಾದರಿ, ಎಂಟು ಮೂಲೆಯ ನಕ್ಷತ್ರ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ನಕ್ಷತ್ರ ಕಾಣೋದು ಡ್ರೋನ್‌ಗೆ ಮಾತ್ರ, ನಡೆಯೋರಿಗೆ ಗೋಡೆ, ನಡುವಿನ ಕೊಳ, ಸುತ್ತಲಿನ ಬೆಟ್ಟ ಕಾಣುತ್ತೆ. ಅದೇ ಸಾಕಷ್ಟು ಚೆನ್ನಾಗಿದೆ. ಅಲ್ಲಿ ನಿಂತವರು ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಜಗಳ ಆಡ್ತಾರೆ. ಆ ಬೆಟ್ಟದ ತುದಿಗೆ ಅಷ್ಟು ಕಲ್ಲು ಹೊತ್ತವರು ಯಾರು ಅಂತ ಕೇಳಿದೋರನ್ನ ನಾನಂತೂ ಇನ್ನೂ ನೋಡಿಲ್ಲ.

ಬಿಸ್ಲೆ. ಸಕಲೇಶಪುರದಿಂದ ಐವತ್ತು ಕಿ.ಮೀ. ಹತ್ತಿರ, ಹೆತ್ತೂರು, ವಣಗೂರು ಮೇಲೆ ಹೋಗೋದು. ವ್ಯೂ ಪಾಯಿಂಟ್‌ನಲ್ಲಿ ನಿಂತ್ರೆ ಎದುರಿಗೆ ಕುಮಾರ ಪರ್ವತ, ಪುಷ್ಪಗಿರಿ ಸಾಲು. ಅಲ್ಲಿಂದ ಘಾಟಿ ಇಳಿದ್ರೆ ಕುಕ್ಕೆ ಸುಬ್ರಹ್ಮಣ್ಯ. ಅದೇ ಸೀಮೆಯ ಮಂಕನಹಳ್ಳಿಯಲ್ಲಿ ರಿಡ್ಜ್ ಅಂತ ಒಂದು ಜಾಗ ಇದೆ. ಅಲ್ಲಿ ಬಿದ್ದ ಮಳೆ ಎರಡಾಗುತ್ತೆ. ಒಂದು ಕಡೆದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಕಡೆದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಮಕ್ಕಳನ್ನ ಕರ್ಕೊಂಡು ಬಂದ್ರೆ ಇದನ್ನ ತೋರಿಸಿ. ಪಾಠ ಪುಸ್ತಕದಲ್ಲಿ ಹತ್ತು ಪುಟ ಓದಿದ್ರೂ ಹತ್ತದ್ದು ಇಲ್ಲಿ ಒಂದು ನಿಮಿಷಕ್ಕೆ ತಲೆಗೆ ಹತ್ತುತ್ತೆ.

ಊರೊಳಗೆ ಹೊಳೆ ದಂಡೆ ಮೇಲೆ ಹೊಯ್ಸಳರ ಕಾಲದ ಸಕಲೇಶ್ವರ ದೇವಸ್ಥಾನ, ಊರಿಗೆ ಹೆಸರು ಬಂದದ್ದು ಅದರಿಂದ. ಜೇನುಕಲ್ಲು ಗುಡ್ಡ, ಪಾಂಡವರ ಗುಡ್ಡ, ಕಾಡುಮನೆ ಟೀ ತೋಟ. ಹಾಸನದ ಕಡೆ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಲ್ಲಿ ಶೆಟ್ಟಿಹಳ್ಳಿ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮೇಲೆದ್ದು ನಿಲ್ಲುತ್ತೆ. ಆ ಮುಳುಗಿದ ಚರ್ಚಿನ ಫೋಟೋ ಎಲ್ಲರ ಮೊಬೈಲ್‌ನಲ್ಲೂ ಇದೆ. ಅದೇ ನೀರಲ್ಲಿ ಮುಳುಗಿದ ಊರುಗಳಿಗೂ ಒಂದೊಂದು ಕೇರಿ ಇತ್ತು. ಆ ಕೇರಿಗಳ ಫೋಟೋ ನಾನು ಎಲ್ಲೂ ನೋಡಿಲ್ಲ.

ಇಷ್ಟು ವ್ಲಾಗ್‌ನವರೂ ಹೇಳ್ತಾರೆ. ಇನ್ನು ಮುಂದಿನದನ್ನ ನಾನೇ ಹೇಳಬೇಕು.

ಹೋಮ್‌ಸ್ಟೇ ಜಾಹೀರಾತುಗಳಲ್ಲಿ ಒಂದು ಮಾತು ಯಾವಾಗಲೂ ಇರುತ್ತೆ. ಯಾರೂ ಮುಟ್ಟದ ಪ್ರಕೃತಿಯ ಮಡಿಲು ಅಂತ. ಗೆಳೆಯರೇ, ನೀವು ಕಾರಿಂದ ನೋಡೋ ಹಸಿರಿನಲ್ಲಿ ಬಹುಪಾಲು ಕಾಡೇ ಅಲ್ಲ, ತೋಟ. ಅಲ್ಲಿರೋ ಪ್ರತಿ ಗಿಡದ ಬುಡಕ್ಕೂ ಯಾರೋ ಗುಂಡಿ ತೋಡಿದ್ದಾರೆ. ಪ್ರತಿ ಸಿಲ್ವರ್ ಮರಕ್ಕೂ ಯಾರೋ ಮೆಣಸಿನ ಬಳ್ಳಿ ಹಬ್ಬಿಸಿ ಕಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಯಾರೋ ಮರ ಹತ್ತಿ ಮರಗಸಿ ಮಾಡಿದ್ದಾರೆ, ಕೆಲವರು ಬಿದ್ದು ಸೊಂಟ ಮುರಕೊಂಡಿದ್ದಾರೆ. ಮುಟ್ಟದೇ ಇರೋ ಒಂದು ಅಡಿ ಜಾಗವೂ ಇಲ್ಲ. ಮುಟ್ಟಿದ್ದೆಲ್ಲ ಮುಟ್ಟಿಸಿಕೊಳ್ಳದವರ ಕೈಗಳೇ.

ಸ್ವಲ್ಪ ಇತಿಹಾಸ. ಈ ಸೀಮೆಗೆ ಹಿಂದೆ ಬಲಂ ಅಂತ ಹೆಸರು, ಐಗೂರಿನ ಪಾಳೆಯಗಾರರದ್ದು. 1802ರಲ್ಲಿ ಅವರ ದಂಗೆಯನ್ನು ಮುರಿದದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ಮನುಷ್ಯ. ಆಮೇಲೆ ಇದು ಮಂಜರಾಬಾದ್ ತಾಲ್ಲೂಕಾಯ್ತು. 1843ರ ಸುಮಾರಿಗೆ ಫ್ರೆಡರಿಕ್ ಗ್ರೀನ್ ಅನ್ನೋ ಇಂಗ್ಲಿಷಿನವನು ಇಲ್ಲಿ ಕಾಫಿ ತೋಟ ಹಾಕಿದ. ಅದೇ 1843ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅನ್ನೋ ಕಾಯ್ದೆ ತಂತು.

ಇಲ್ಲಿ ಗುಲಾಮಗಿರಿ ಎಲ್ಲಿತ್ತು ಅಂತ ಕೇಳೋರು ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ತೆಗೆದು ನೋಡಿ. ಮಲೆನಾಡಿನ ಹೊಲೆಯರಲ್ಲಿ ಎರಡು ಥರದ ಆಳುಗಳಿದ್ದರು ಅಂತ ಅದರಲ್ಲಿದೆ. ಒಬ್ಬ ಹುಟ್ಟಾಳು, ಯಜಮಾನನ ಮನೆಯಲ್ಲಿ ಹುಟ್ಟಿ ತಲೆಮಾರಿನಿಂದ ಅವನಿಗೇ ಸೇರಿದವನು. ಇನ್ನೊಬ್ಬ ಮಣ್ಣಾಳು, ಜಮೀನಿನ ಜೊತೆಗೆ ಮಾರಾಟ ಆಗೋನು. ಜಮೀನು ಕೈ ಬದಲಾದ್ರೆ ಮರ, ಬಾವಿ, ದನದ ಕೊಟ್ಟಿಗೆ ಜೊತೆ ಮನುಷ್ಯನೂ ಕೈ ಬದಲಾಗ್ತಿದ್ದ. ಕಾಫಿ ಬಂದಾಗ ತೋಟಕ್ಕೆ ಇಳಿದ ಕೈಗಳಲ್ಲಿ ಆ ಕೈಗಳೂ ಇದ್ದವು. ಇಂಗ್ಲಿಷಿನ ದೊರೆಗಳು ಹೋದ್ರು, ಇಲ್ಲಿಯ ಸಾಹುಕಾರರು ಬಂದ್ರು. ತೋಟ ಮಾರಾಟ ಆದಾಗ ಲೈನ್ ಮನೆಯೂ ಲೈನಿನ ಜನವೂ ಹೊಸ ಸಾಹುಕಾರನ ಲೆಕ್ಕಕ್ಕೆ ಹೋಗೋದನ್ನ ನಾನೇ ಎರಡು ಸಲ ನೋಡಿದ್ದೀನಿ. ಕಾಗದದಲ್ಲಿ ಮಾತ್ರ ಯಾರ ಹೆಸರೂ ಇರಲಿಲ್ಲ.

ಲೈನ್ ಮನೆ ಅಂದ್ರೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ರೈಲು ಬೋಗಿ ಥರ ಒಂದೇ ಸಾಲು, ಒಂದೇ ಮಾಡು. ಒಂದು ಕೋಣೆ, ಒಂದು ಒಲೆ, ಮುಂದೆ ಸಣ್ಣ ಜಗಲಿ. ಒಂದು ಮನೆಯಲ್ಲಿ ಕೆಮ್ಮಿದ್ರೆ ಆರನೇ ಮನೆಗೆ ಕೇಳುತ್ತೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮನೆ, ನೀರು, ಕಕ್ಕಸು, ಆಸ್ಪತ್ರೆ, ಶಿಶುವಿಹಾರ ಎಲ್ಲಾ ತೋಟದವರೇ ಕೊಡಬೇಕು ಅಂತ ಹೇಳಿತು. ಕೆಲವು ದೊಡ್ಡ ಕಂಪನಿ ತೋಟಗಳಲ್ಲಿ ಕೊಟ್ಟಿದ್ದಾರೆ, ಸುಳ್ಳು ಹೇಳಲ್ಲ. ಉಳಿದ ಕಡೆ ಅಂಥ ಕಾಯ್ದೆ ಇತ್ತು ಅನ್ನೋದೇ ಲೈನಿನವರಿಗೆ ಗೊತ್ತಿಲ್ಲ. ಮುಖ್ಯ ಮಾತು ಇನ್ನೊಂದಿದೆ. ಕೆಲಸ ಇರೋವರೆಗೆ ಮಾತ್ರ ಮನೆ. ನಲವತ್ತು ವರ್ಷ ದುಡಿದು ಕೈ ನಡುಗೋ ಹೊತ್ತಿಗೆ ಮಗನೋ ಸೊಸೆಯೋ ಅದೇ ತೋಟದ ಕೆಲಸಕ್ಕೆ ಸೇರಬೇಕು, ಇಲ್ಲಾಂದ್ರೆ ಪಾತ್ರೆ ಪಗಡೆ ಕಟ್ಟಬೇಕು. ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗೋದು ಯಾಕೆ ಕಷ್ಟ ಅಂತ ಈಗ ಅರ್ಥ ಆಗಿರಬೇಕು. ಮಗ ಓದಿದ್ರೆ ಅಪ್ಪ ಅವ್ವನ ಮನೆ ಹೋಗುತ್ತೆ.

ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡವರಿಗೆ 94ಸಿ ಅಡಿ ಹಕ್ಕುಪತ್ರ ಕೇಳೋ ದಾರಿ ಇದೆ. ಲೈನ್ ಮನೆ ಇರೋದು ಸಾಹುಕಾರರ ಜಾಗದಲ್ಲಿ. ನಾಲ್ಕು ತಲೆಮಾರು ಬದುಕಿದ್ರೂ ಅದಕ್ಕೆ 94ಸಿ ಇಲ್ಲ. ನನ್ನ ಎಸ್ಸೆಸ್ಸೆಲ್ಸಿ ಕಾಲದ ಎಲ್ಲಾ ಕಾಗದದಲ್ಲೂ ವಿಳಾಸ 'ಕೇರಾಫ್' ಅಂತ ಶುರುವಾಗಿ ಎಸ್ಟೇಟಿನ ಹೆಸರಲ್ಲಿ ಮುಗಿಯುತ್ತೆ. ಅವ್ವ ಒಂದು ನಿವೇಶನಕ್ಕೆ ಅರ್ಜಿ ಹಾಕಿದ್ದು ನಾನು ಹೈಸ್ಕೂಲಲ್ಲಿದ್ದಾಗ. ಈಗ ನನ್ನ ಮಗಳು ಹೈಸ್ಕೂಲಲ್ಲಿದ್ದಾಳೆ.

ಇನ್ನೊಂದು ಕಡೆ ನೋಡಿ. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ, ಮೆಣಸು ಬೆಳೆದವರಿಗೆ ಅದೇ ಜಮೀನನ್ನು 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಲು ಸರ್ಕಾರ ಭೂ ಕಂದಾಯ ಕಾಯ್ದೆಗೇ ತಿದ್ದುಪಡಿ ತಂತು. ಇದನ್ನ ವಿರೋಧಿಸಿ ನಮ್ಮ ದಲಿತ ಸಂಘಟನೆಗಳು ಈ ಜಿಲ್ಲೆಗಳಲ್ಲಿ ಬೀದಿಗಿಳಿದವು. 30–40 ಸೈಟಿಗೆ ಜಾಗ ಎಲ್ಲಿದೆ ಅಂತ ಕೇಳೋ ಅದೇ ತಾಲ್ಲೂಕು ಕಚೇರಿಗೆ 25 ಎಕರೆ ಎಲ್ಲಿದೆ ಅಂತ ಗೊತ್ತಿದೆ. 2024ರ ಕೊನೆಗೆ, 2025ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಒಳ್ಳೇದೇ, ಬೆಳೆಗಾರರೂ ಎಷ್ಟೋ ವರ್ಷ ಕಷ್ಟ ಪಟ್ಟಿದ್ದಾರೆ. ಆ ವರ್ಷ ತೋಟಗಳಿಗೆ ಹೊಸ ಜೀಪು ಬಂದವು, ಹೊಸ ಹೋಮ್‌ಸ್ಟೇ ಎದ್ದವು. ನಮ್ಮ ಹಳೇ ಲೈನಿನ ಶೀಟು ಮಾತ್ರ ಅದೇ, ತೂತಿಗೆ ಅದೇ ಪ್ಲಾಸ್ಟಿಕ್ಕು.

ಇನ್ನು ನಮ್ಮ ಅಜ್ಜಿಯ ವಿಷಯ. ಇದನ್ನ ಬರೀಬೇಕಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡಿದೆ. ಅಜ್ಜಿ ತೀರಿಕೊಂಡಾಗ ನಮ್ಮವರಿಗೆ ಅಂತ ಸ್ಮಶಾನ ಇರಲಿಲ್ಲ. ಊರಿನವರ ಸ್ಮಶಾನಕ್ಕೆ ನಾವು ಹೋಗೋ ಹಾಗಿಲ್ಲ. ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ, ಹಿಂದಿನಿಂದ ಲೈನಿನವರನ್ನೆಲ್ಲ ಮಣ್ಣು ಮಾಡ್ತಿದ್ದ ಜಾಗದಲ್ಲೇ ಮಣ್ಣು ಮಾಡಿದ್ವಿ. ಜೋರು ಮಳೆ. ಗುಂಡಿಗೆ ನೀರು ತುಂಬೋದು, ಮೊಗೆದು ಹಾಕೋದು. ತಲೆ ಕಡೆಗೆ ಅಪ್ಪ ಒಂದು ಕಾಡುಗಲ್ಲು ನಿಲ್ಲಿಸಿದ. ವರ್ಷಕ್ಕೊಮ್ಮೆ ಹೋಗಿ ಎಡೆ ಇಟ್ಟು ಬರ್ತಿದ್ವಿ. ಆಮೇಲೆ ಆ ತೋಟ ಮಾರಾಟ ಆಯ್ತು. ಈಗ ಆ ಹಳ್ಳದ ದಂಡೆ ಸುತ್ತ ಸೋಲಾರ್ ಬೇಲಿ ಇದೆ. ಒಳಗೆ ಟೆಂಟ್, ಕ್ಯಾಂಪ್ ಫೈರ್, ಬಣ್ಣದ ದೀಪದ ಸರ. ಕಾಡುಗಲ್ಲುಗಳನ್ನ ಕಿತ್ತು ಬೆಂಕಿ ಗುಂಡಿಯ ಸುತ್ತ ಕೂರೋಕೆ ಜೋಡಿಸಿದ್ದಾರೆ. ಅಪ್ಪ ನಿಲ್ಲಿಸಿದ ಕಲ್ಲು ಯಾವುದು ಅಂತ ಬೇಲಿ ಹೊರಗಿಂದ ಗುರುತು ಹಿಡಿಯೋಕೆ ಆಗಲಿಲ್ಲ. ಹೋದ ವರ್ಷ ಅವ್ವ ಎಡೆಯನ್ನ ಬೇಲಿ ಈಚೆಗೇ ಇಟ್ಟು ಬಂದಳು. ಒಳಗೆ ಹಾಡು ಹಾಕಿದ್ರು.

ಆ ಜಾಗದ ಹೆಸರು ಹೇಳಲ್ಲ. ಅಲ್ಲಿ ಕೂತು ಹಾಡೋ ಹುಡುಗರ ಮೇಲೆ ನನಗೆ ಸಿಟ್ಟೂ ಇಲ್ಲ, ಅವರಿಗೆ ಗೊತ್ತಿಲ್ಲ. ಗೊತ್ತಾಗಲಿ ಅಂತಲೇ ಇದನ್ನ ಬರೀತಿರೋದು.

ಆನೆ ವಿಷಯಕ್ಕೆ ಬರೋಣ. ಇಲ್ಲಿಗೆ ಬರೋರಿಗೆ ಆನೆ ಕಂಡ್ರೆ ವಿಡಿಯೋ, ನಮಗೆ ಕಂಡ್ರೆ ಓಟ. ಆಲೂರು, ಸಕಲೇಶಪುರದಲ್ಲಿ ಕಾಡಾನೆಗಳು ತೋಟದೊಳಗೇ ಇವೆ, ಕಾಫಿ ಗಿಡದ ಮರೆಯಲ್ಲಿ ನಿಂತ್ರೆ ಹತ್ತು ಅಡಿ ದೂರದಲ್ಲಿದ್ರೂ ಕಾಣಲ್ಲ. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದ್ರು, ಆದ್ರೂ ತೋಟಕ್ಕೆ ಆನೆ ಬರೋದು ನಿಂತಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ಹತ್ತಿರ ದಬ್ಬಳ್ಳಿಕಟ್ಟೆಯಲ್ಲಿ ದಸರಾ ಆನೆ ಅರ್ಜುನ ಕಾಡಾನೆ ಜೊತೆಗಿನ ಕಾಳಗದಲ್ಲಿ ಸತ್ತ. ಎಂಟು ಸಲ ಅಂಬಾರಿ ಹೊತ್ತವನು. ಇಡೀ ರಾಜ್ಯ ಅತ್ತಿತು, ಸ್ಮಾರಕ ಬೇಕು ಅಂತ ಕೇಳಿತು. ನಾನೂ ಅತ್ತೆ, ಅವನ ಸಾವು ಅಷ್ಟು ಕೆಟ್ಟದಾಗಿತ್ತು. ಆದ್ರೆ ಬೆಳಗಿನ ಮಂಜಲ್ಲಿ ಬುತ್ತಿ ಹಿಡ್ಕೊಂಡು ತೋಟಕ್ಕೆ ನಡೆದು ಹೋಗ್ತಾ ಆನೆ ಕಾಲಿಗೆ ಸಿಕ್ಕವರ ಹೆಸರು ನಿಮಗೆ ಎಷ್ಟು ಗೊತ್ತು? ಸಾಹುಕಾರರು ಜೀಪಲ್ಲಿ ಹೋಗ್ತಾರೆ. ನಡೆಯೋರು ಕೂಲಿಯವರು. ಅದಕ್ಕೇ ಸಾಯೋರಲ್ಲೂ ಅವರೇ ಜಾಸ್ತಿ.

ನಿಮಗೆ ಹೇಳೋದು ಇಷ್ಟೇ. ಸಂಜೆ ಆರರ ಮೇಲೆ ತೋಟದ ದಾರಿಗಳಲ್ಲಿ ಓಡಾಡಬೇಡಿ. ಅರಣ್ಯ ಇಲಾಖೆಯ ಸೂಚನಾ ಫಲಕ ನೋಡಿ. ಆನೆ ಕಂಡ್ರೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯೋದು, ಫ್ಲ್ಯಾಶ್ ಹಾಕೋದು ಬೇಡ. ನೀವು ರೇಗಿಸಿ ಹೋದ ಆನೆ ಬೆಳಗ್ಗೆ ಕೂಲಿಗೆ ಹೊರಟವರ ಮೇಲೆ ಬರುತ್ತೆ.

ಹೆತ್ತೂರು ದಾರಿ, ಕಾಡುಮನೆ ದಾರಿಯಲ್ಲಿ ಮನುಷ್ಯ ಒಳಗೆ ನಿಂತು ನಡೆಯಬಹುದಾದಷ್ಟು ದೊಡ್ಡ ಪೈಪುಗಳು ಕಾಣಬಹುದು. ಅದು ಎತ್ತಿನಹೊಳೆ ಯೋಜನೆ. ಪಶ್ಚಿಮಕ್ಕೆ ಹರಿಯೋ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಕಡೆಗೆ ಕೊಡೋ ಲೆಕ್ಕ. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಇಲ್ಲೇ ಉದ್ಘಾಟನೆ ಆಯ್ತು. ಬೆಟ್ಟ ಬಗೆದದ್ದು ನಮಗೆ ನೋವು. ಆದ್ರೂ ಕೋಲಾರಕ್ಕೆ ನೀರು ಬೇಡ ಅನ್ನೋಕೆ ನನ್ನ ಬಾಯಿ ಬರಲ್ಲ, ಅಲ್ಲಿ ಕೊಡ ಹಿಡಿದು ನಿಂತಿರೋರೂ ನಮ್ಮ ಜನ. ಪೈಪಿನ ಪಕ್ಕದ ಲೈನಿಗೆ ಒಂದು ನಲ್ಲಿ ಹಾಕೋಕೆ ಎಷ್ಟು ಟಿಎಂಸಿ ಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ಈಗ ನೀವು ಮೊದಲು ಕೇಳಿದ್ದು. ಒಳ್ಳೆ ಹೋಮ್‌ಸ್ಟೇ ಯಾವುದು?

ಹೋದ ವರ್ಷ ನನ್ನ ಕಲಬುರಗಿ ಗೆಳೆಯ ಹೆಂಡತಿ ಮಕ್ಕಳ ಜೊತೆ ಬರಬೇಕು ಅಂತ ಒಂದು ಕಡೆ ಫೋನ್ ಮಾಡಿದ. ರೂಮಿದೆ ಅಂದ್ರು. ಪೂರ್ತಿ ಹೆಸರು ಕೇಳಿದ್ರು. ಯಾವೂರು ಅಂದ್ರು. "ನಿಮ್ದು ಯಾವ ಜನ ಸರ್? ಏನಿಲ್ಲ, ಅಡುಗೆ ಮನೆಯಲ್ಲೇ ಊಟಕ್ಕೆ ಹಾಕ್ತೀವಿ, ಹಂಗಾಗಿ" ಅಂದ್ರು. ಅವನು ಮುಚ್ಚಿಡೋ ಪೈಕಿ ಅಲ್ಲ, ಹೇಳಿದ. ಅರ್ಧ ಗಂಟೆಗೆ ಮೆಸೇಜ್ ಬಂತು, ರೂಮ್ ಫುಲ್ ಆಗಿದೆ ಅಂತ. ಎಲ್ಲಾ ಕಡೆ ಹಿಂಗೇ ಅಂತಲ್ಲ. ಜಾತಿ ಕೇಳದೆ ಮನೆಯವರ ಹಾಗೆ ನೋಡಿಕೊಳ್ಳೋ ಕಡೆಗಳೂ ಇವೆ. ಯಾವುದು ಎಲ್ಲಿ ಅಂತ ನಮಗೆ ಮೊದಲೇ ಗೊತ್ತಿರಬೇಕು ಅನ್ನೋದೇ ಅವಮಾನ.

ಈ ಅವಮಾನ ನಮಗೊಬ್ಬರಿಗೇ ಆದದ್ದಲ್ಲ. ಅಮೆರಿಕದಲ್ಲಿ 1936ರಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಕಪ್ಪು ಜನಾಂಗದ ಅಂಚೆ ನೌಕರ ಒಂದು ಪ್ರವಾಸಿ ಕೈಪಿಡಿ ಶುರು ಮಾಡಿದ. ಗ್ರೀನ್ ಬುಕ್ ಅಂತಲೇ ಹೆಸರಾಯ್ತು. ಯಾವ ಊರಲ್ಲಿ ಯಾವ ಹೋಟೆಲು ಕಪ್ಪು ಜನರಿಗೆ ಊಟ ಕೊಡುತ್ತೆ, ಯಾರು ರಾತ್ರಿ ಮಲಗೋಕೆ ಜಾಗ ಕೊಡ್ತಾರೆ, ಯಾವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಬಹುದು ಅಂತ ಪಟ್ಟಿ. ಮೂವತ್ತು ವರ್ಷ ಅದು ಪ್ರಕಟ ಆಯ್ತು. ದಕ್ಷಿಣದ ರಾಜ್ಯಗಳಿಗೆ ಹೊರಟ ಕಪ್ಪು ಕುಟುಂಬಗಳು ಅದನ್ನ ಕಾರಲ್ಲಿಟ್ಟುಕೊಂಡೇ ಹೋಗ್ತಿದ್ದವು.

ಅದೇ ದಕ್ಷಿಣದ ಲೂಯಿಸಿಯಾನ ರಾಜ್ಯದಲ್ಲಿ ಮಿಸಿಸಿಪಿ ನದಿ ದಂಡೆಗುಂಟ ಹಳೇ ತೋಟದ ಬಂಗಲೆಗಳಿವೆ. ಬಿಳಿ ಕಂಬದ ಮನೆ, ದೊಡ್ಡ ಮರಗಳ ಸಾಲು. ಪ್ರವಾಸಿಗಳು ಬಂಗಲೆ ನೋಡ್ತಾರೆ, ಮದುವೆ ಮಾಡಿಕೊಳ್ತಾರೆ. ಆ ಮಧ್ಯೆ ವಿಟ್ನಿ ಅನ್ನೋ ಒಂದು ತೋಟ 2014ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೀತು. ಅಲ್ಲಿ ಕಥೆ ಯಜಮಾನನದ್ದಲ್ಲ, ಗುಲಾಮರದ್ದು. ಅವರ ಗುಡಿಸಲುಗಳನ್ನ ಉಳಿಸಿದ್ದಾರೆ, ಕಲ್ಲಿನ ಗೋಡೆ ಮೇಲೆ ಅವರ ಹೆಸರು ಕೆತ್ತಿಸಿದ್ದಾರೆ. ಬಾಬಾಸಾಹೇಬರು 1940ರ ದಶಕದಲ್ಲೇ ಡಬ್ಲ್ಯು.ಇ.ಬಿ. ಡುಬೊಯ್ಸ್ ಅವರಿಗೆ ಕಾಗದ ಬರೆದು ಅವರ ಜನರ ಹೋರಾಟದ ವಿವರ ಕೇಳಿದ್ರು. ಅವರಿಗೆ ಈ ಎರಡು ಬದುಕಿನ ಹೋಲಿಕೆ ಕಂಡಿತ್ತು.

ಅಲ್ಲಿನ ಗುಲಾಮಗಿರಿ, ಇಲ್ಲಿನ ಜಾತಿ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದ್ರೆ ತೋಟ ನೋಡೋಕೆ ಹೋದವನು ತೋಟ ಮಾಡಿದವರನ್ನೂ ನೋಡಿ ಬರೋದು ಸಾಧ್ಯ ಅಂತ ಅವರು ತೋರಿಸಿದ್ದಾರೆ. ಮಣ್ಣಾಳುಗಳ ಈ ಸೀಮೆಯಲ್ಲಿ ಅವರ ನೆನಪಿಗೆ ಅಂತ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಇದ್ದ ಕಾಡುಗಲ್ಲು ಏನಾಯ್ತು ಅಂತ ಮೇಲೆ ಹೇಳಿದೆ. ಇದು ಹಳೇ ಕಥೆ ಅಂತ ಅಂದ್ಕೋಬೇಡಿ. 2022ರ ಅಕ್ಟೋಬರ್‌ನಲ್ಲಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಜೇನುಗದ್ದೆಯಲ್ಲಿ, ಮುಂಗಡ ಸಾಲದ ವಿಚಾರಕ್ಕೆ 16 ಜನ ದಲಿತ ಕಾರ್ಮಿಕರನ್ನು ಕಾಫಿ ಎಸ್ಟೇಟಿನಲ್ಲಿ ಕೂಡಿಹಾಕಿದ್ರು ಅಂತ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸ್ ಆಯ್ತು.

ಹಾಗಾದ್ರೆ ಬರಬೇಡಿ ಅಂತೀಯಾ ಅಂತ ಕೇಳಬಹುದು. ಖಂಡಿತ ಬನ್ನಿ. ನಮ್ಮ ಹುಡುಗರಿಗೂ ನಿಮ್ಮ ದುಡ್ಡು ಬೇಕು. ಜೀಪು ಓಡಿಸೋರು, ಅಡುಗೆ ಮಾಡೋರು, ರೂಮು ಒರೆಸೋ ಅಕ್ಕಂದಿರು, ಅವರ ಸಂಬಳ ಬರೋದು ಇದರಿಂದಲೇ. ಆದ್ರೆ ಬಂದಾಗ ಕೆಲವು ಕೆಲಸ ಮಾಡಿ.

ರೂಮು ಬುಕ್ ಮಾಡುವಾಗ ಕೇಳಿ, ನಿಮ್ಮ ತೋಟದಲ್ಲಿ ಕೆಲಸದವರ ಮನೆ ಹೇಗಿದೆ, ಕಕ್ಕಸು ಇದ್ಯಾ, ನೀರಿದ್ಯಾ ಅಂತ. ಈಜುಕೊಳ ಇದ್ಯಾ ಅಂತ ಕೇಳ್ತೀರಲ್ಲ, ಅದೇ ಉಸಿರಲ್ಲಿ ಕೇಳಿ. ಹತ್ತು ಜನ ಕೇಳಿದ್ರೆ ನಗ್ತಾರೆ. ಸಾವಿರ ಜನ ಕೇಳಿದ್ರೆ ಶೀಟು ಬದಲಾಗುತ್ತೆ. ನಿಮ್ಮ ಜಾತಿ ಕೇಳಿದ್ರೆ ಫೋನ್ ಇಡಬೇಡಿ, ಆ ಮಾತನ್ನ ಅವರ ರಿವ್ಯೂನಲ್ಲಿ ಇದ್ದದ್ದು ಇದ್ದ ಹಾಗೆ ಬರೀರಿ. ರೂಮ್ ಕೊಡದೆ ಹೋದ್ರೆ ದೂರು ಕೊಡಿ, ನಾವು ಜೊತೆಗೆ ಬರ್ತೀವಿ.

ತೋಟ ತೋರಿಸೋಕೆ ಬಂದ ಗೈಡಿಗೆ ಕಾಫಿ ಗಿಡದ ಬಗ್ಗೆ ಕೇಳಿದ ಮೇಲೆ ಕುಯ್ಲಿನ ಕೂಲಿ ಕೆ.ಜಿ.ಗೆ ಎಷ್ಟು ಅಂತಾನೂ ಕೇಳಿ. ಕುಯ್ಲಿನಲ್ಲಿ ಈಗ ನಮ್ಮ ಜೊತೆ ಅಸ್ಸಾಂ, ಜಾರ್ಖಂಡ್ ಕಡೆಯ ಜನರೂ ಇದ್ದಾರೆ. ಅವರನ್ನ ಕೇಳದೆ ಫೋಟೋ ತೆಗೀಬೇಡಿ. ಪ್ಲಾಸ್ಟಿಕ್ ಹೊದ್ದು, ಸೊಂಟಕ್ಕೆ ಚೀಲ ಕಟ್ಟಿ ಮಳೆಯಲ್ಲಿ ನಿಂತ ಹೆಂಗಸು ನಿಮ್ಮ ರೀಲ್ಸ್‌ಗೆ ಹಿನ್ನೆಲೆ ಅಲ್ಲ. ಹಳ್ಳದ ದಂಡೆಯಲ್ಲಿ ಟೆಂಟ್ ಹಾಕೋ ಮುಂಚೆ ಈ ಜಾಗ ಮೊದಲು ಏನಾಗಿತ್ತು ಅಂತ ಒಂದು ಮಾತು ವಿಚಾರಿಸಿ.

ನಮ್ಮ ಸಂಘಟನೆಯವರಿಗೆ ಬೇರೆ ಎರಡು ಮಾತು. ಪ್ರವಾಸೋದ್ಯಮ ಇಲಾಖೆ ಒಂದು ಹೋಮ್‌ಸ್ಟೇಗೆ ನೋಂದಣಿ ಕೊಡುವಾಗ ರೂಮು, ಪಾರ್ಕಿಂಗ್ ನೋಡುತ್ತೆ. ಅದೇ ತೋಟದ ಲೈನ್ ಮನೆಯನ್ನೂ ನೋಡಿ ಕೊಡಬೇಕು ಅನ್ನೋದು ನಮ್ಮ ಬೇಡಿಕೆ ಆಗಲಿ. ಎರಡನೇದು, ಲೈನಿನವರು ಹಿಂದಿನಿಂದ ಮಣ್ಣು ಮಾಡ್ತಿದ್ದ ಜಾಗಗಳನ್ನ ನಾವೇ ಪಟ್ಟಿ ಮಾಡಬೇಕು. ಊರು, ಹಳ್ಳ, ಯಾವ ಮರದ ಪಕ್ಕ, ಯಾರ ಯಾರ ಹೆಸರು ಅಂತ. ಹಳಬರು ಇರೋವಾಗಲೇ ಕೂತು ಬರ್ಕೋಬೇಕು. ಆಲೂರು, ಸಕಲೇಶಪುರದ ಗೆಳೆಯರು ನಿಮ್ಮ ನಿಮ್ಮ ಲೈನಿನದ್ದು ಕಾಮೆಂಟಿನಲ್ಲಿ ಹಾಕಬೇಡಿ, ನನಗೆ ಇನ್‌ಬಾಕ್ಸ್ ಮಾಡಿ. ಪಟ್ಟಿ ಆದ ಮೇಲೆ ಒಟ್ಟಿಗೆ ತಹಶೀಲ್ದಾರ್ ಕಚೇರಿಗೆ ಹೋಗೋಣ. ಮೊದಲ ಹೆಸರು ನಮ್ಮ ಅಜ್ಜಿಯದು ಬರೆದಾಗಿದೆ.

ಕೊನೆಗೆ ಊಟ. ಹೋಮ್‌ಸ್ಟೇ ಬೋರ್ಡಿನಲ್ಲಿ ಮಲೆನಾಡು ಊಟ ಅಂತ ಅಕ್ಕಿ ರೊಟ್ಟಿ, ಕಡುಬು, ಕಳಲೆ, ಅಣಬೆ ಇರುತ್ತೆ. ಎಲ್ಲಾ ರುಚಿಯಾಗೇ ಇರುತ್ತೆ, ತಿನ್ನಿ. ನಮ್ಮ ಕೇರಿಯ ಅಡುಗೆ ಆ ಬೋರ್ಡಿನಲ್ಲಿ ಇರಲ್ಲ. ಅದು ಬೇಕಾದ್ರೆ ನಮ್ಮ ಮನೆಗೇ ಬರಬೇಕು. ಬಾಡಿಗೆ ಮನೆ, ಚಿಕ್ಕದು, ಆದ್ರೂ ಐದಾರು ಜನ ಕೂರಬಹುದು. ಮಳೆ ಹಿಡಿದ ಮೊದಲ ವಾರದ ಏಡಿ ಸಾರು ಅವ್ವ ಮಾಡೋ ಹಾಗೆ ಯಾರೂ ಮಾಡಲ್ಲ. ಎರಡು ದಿನ ಮುಂಚೆ ಫೋನ್ ಮಾಡಿ, ರಾತ್ರಿ ಬ್ಯಾಟರಿ ಹಿಡ್ಕೊಂಡು ಗದ್ದೆಗೆ ಹೋಗಿ ಹಿಡೀಬೇಕು.

ಜೈ ಭೀಮ್.